ಕಂಪೌಂಡರನ ಸ್ಯಾಂಪಲ್

ಬೆಳಗಿನಿಂದ ಕಂಪೌಂಡರನಿಗೆ ಬಿಕ್ಕಳಿಕೆ ಹತ್ತಿಕೊಂಡಿತ್ತು. ನೀರು ಕುಡಿದದ್ದಾಯಿತು, ಉಸಿರು ಬಿಗಿಹಿಡಿದದ್ದಾಯಿತು, ಚಮಚ ಸಕ್ಕರೆ ಬಾಯಿಗೆ ಸುರಿದುಕೊಂಡದ್ದಾಯಿತು. ಊಹೂಂ, ಅದು ಜಪ್ಪಯ್ಯ ಅನ್ನಲಿಲ್ಲ. ಒಂದು ಕಾಲಕ್ಕೆ ಅವನು ಗಂಟಲು ಸರಿಮಾಡಿಕೊಂಡರೆ ಸಾಕು, ಬಾಗಿಲಾಚೆ ನಿಂತವರ ಮಾತು ತಾನಾಗಿ ನಿಂತುಹೋಗುತ್ತಿತ್ತು. ಪೇಪರಿನವರು 'ಕುಖ್ಯಾತ' ಎಂದು ಸೇರಿಸದೆ ಅವನ ಹೆಸರು ಬರೆಯುತ್ತಿರಲಿಲ್ಲ. ಅಂಥವನು ಈಗ ಮೂರನೆಯ ಮಹಡಿಯ ಈ ಬಾಡಿಗೆ ಕೋಣೆಯಲ್ಲಿ, ಕಿಟಕಿಯ ದಪ್ಪ ಪರದೆಯ ಹಿಂದೆ, ಒಂದು ಕಾಲು ಕುಂಟುವ ಕುರ್ಚಿಯಲ್ಲಿ ಕೂತು ಹಿಕ್ ಹಿಕ್ ಅನ್ನುತ್ತಿದ್ದ. ಕೆಳಗಿನ ಮಹಡಿಯಲ್ಲಿ ಹೆಂಗಸರ ಹೊಲಿಗೆ ಕ್ಲಾಸು. ಮೆಷಿನ್ನುಗಳ ಸದ್ದು ನೆಲದೊಳಗಿಂದ ಅಂಗಾಲಿಗೆ ಹತ್ತುತ್ತಿತ್ತು. ನಡುನಡುವೆ ಮೆಷಿನ್ನುಗಳು ಒಟ್ಟಿಗೆ ನಿಂತು ನಗು ಕೇಳುತ್ತಿತ್ತು. ತನ್ನ ಬಿಕ್ಕಳಿಕೆ ಅವರಿಗೆ ಕೇಳಿಸುತ್ತಿದೆಯೋ ಏನೋ ಎಂದು ಅವನು ಬಾಯಿಗೆ ಟವೆಲ್ ಅಡ್ಡ ಹಿಡಿದ. ಯಾರೋ ನೆನೆಸಿಕೊಳ್ತಿದ್ದಾರೆ ಕಣೋ, ಅನ್ನುತ್ತಿದ್ದಳು ತಾಯಿ, ಹೆಸರು ಹೇಳ್ತಾ ಹೋಗು, ಸರಿಯಾದ ಹೆಸರು ಬಂದಾಗ ನಿಲ್ಲುತ್ತೆ. ಯಾರ ಹೆಸರು ಹೇಳುವುದು? ಇಷ್ಟು ದೊಡ್ಡ ಊರಿನಲ್ಲಿ ಅವನನ್ನು ಪ್ರೀತಿಯಿಂದ ನೆನೆಯುವವರು ಮೂರೇ ಜನ, ಆ ಮೂವರಲ್ಲಿ ಒಬ್ಬರು ಅವನನ್ನು ಪೊಲೀಸರಿಗೆ ಮಾರುತ್ತಿದ್ದರು.

ಕತ್ತಲಾದ ಮೇಲೆ ಒಂದು ಮೀನಿನ ದೋಣಿ ಹೊರಡಲಿತ್ತು. ಅದರಲ್ಲಿ ಇಬ್ಬರಿಗೆ ಜಾಗ. ಒಬ್ಬ ತಾನು, ಇನ್ನೊಬ್ಬರು ಹೆಂಡತಿಯೋ, ತಮ್ಮನೋ, ಡ್ರೈವರನೋ? ಒಬ್ಬನೇ ಹೋಗಲು ಅವನಿಗೆ ಹೆದರಿಕೆ. ಇದನ್ನು ಅವನು ಸತ್ತರೂ ಯಾರೆದುರೂ ಒಪ್ಪಿಕೊಳ್ಳುವವನಲ್ಲ. ಬಂದರಿನ ಗೋಡೌನಿಗೆ ಪೊಲೀಸರು ಬಿದ್ದು ಇಡೀ ಕಾರುಬಾರು ಮಣ್ಣುಮುಕ್ಕಿದ ಮೇಲೆ ಅವನು ಮನೆಯಿಂದ ಮನೆಗೆ ಅಲೆಯುತ್ತಿದ್ದ. ಅವನು ಬಿಟ್ಟ ಪ್ರತಿ ಮನೆಗೂ ಒಂದೆರಡು ದಿನದಲ್ಲೇ ಪೊಲೀಸರು ಬರುತ್ತಿದ್ದರು. ಆ ಮನೆಗಳು ಗೊತ್ತಿದ್ದದ್ದು ಈ ಮೂವರಿಗೆ ಮಾತ್ರ. ಅದಕ್ಕೇ ನಿನ್ನೆ ಮೂವರನ್ನೂ ಬೇರೆ ಬೇರೆ ಕಡೆ ಕಂಡು, ನಾಳೆ ಸಂಜೆ ನಿಮ್ಮಲ್ಲೊಬ್ಬರನ್ನು ಕರಕೊಂಡು ಹೋಗ್ತೀನಿ, ಅಲ್ಲೀತನಕ ಇಂಥ ಕಡೆ ಇರ್ತೀನಿ ಎಂದು ಒಬ್ಬೊಬ್ಬರಿಗೂ ಒಂದೊಂದು ಸುಳ್ಳು ಜಾಗ ಹೇಳಿದ್ದ. ಹೆಂಡತಿಗೆ ಹೇಳಿದ್ದು ಎದುರಿನ ಲಾಡ್ಜು. ತಮ್ಮನಿಗೆ ಹೇಳಿದ್ದು ಕೆಳಗಿನ ವೃತ್ತದ ಬಲಗಡೆಯ ಮುಚ್ಚಿದ ಟಾಕೀಸು. ಡ್ರೈವರನಿಗೆ ಹೇಳಿದ್ದು ಎಡಗಡೆಯ ಪಾಳುಬಿದ್ದ ಐಸ್ ಫ್ಯಾಕ್ಟರಿ. ಮೂರೂ ಈ ಕಿಟಕಿಗೆ ಕಾಣುತ್ತಿದ್ದವು. ಎಲ್ಲಿಗೆ ಪೊಲೀಸರು ಬರುತ್ತಾರೋ ನೋಡಿದರಾಯಿತು, ಕೈಕೊಟ್ಟವರು ಯಾರೆಂದು ಕೈಯಲ್ಲೇ ಸಿಕ್ಕಂತೆ. ದೀಪ ಹತ್ತುವ ಹೊತ್ತಿಗೆ ತಮ್ಮನಿಗೆ ಫೋನ್ ಮಾಡಿ ಹೆಸರು ಹೇಳುತ್ತೇನೆಂದಿದ್ದ. ಮುಂದಿನದ್ದು ತಮ್ಮನ ಕೆಲಸ. ತನಗೂ ಕೊಟ್ಟದ್ದು ಸ್ಯಾಂಪಲ್ಲೇ ಎಂದು ತಮ್ಮನಿಗೆ ಹೊಳೆದಿರಲಿಲ್ಲ, ಹೊಳೆದಿದ್ದರೂ ತೋರಿಸಿಕೊಂಡಿರಲಿಲ್ಲ.

ಸ್ಯಾಂಪಲ್ ಎಂಬ ಮಾತು ಡಾಕ್ಟರ ಶಾಪಿನದು. ಅಲ್ಲಿ ಅವನು ನಿಜವಾಗಿಯೂ ಕಂಪೌಂಡರ್ ಆಗಿದ್ದ. ಕೆಂಪು ಮಿಕ್ಸ್ಚರ್ ಕಲಸಿ, ಬಾಟಲಿಗೆ ಡೋಸಿನ ಗುರುತಿಗೆಂದು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಪುಡಿಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಿದ್ದ. ಮುದುಕ ಡಾಕ್ಟರು ರೋಗಿಗಳ ಮಾತು ನಂಬುತ್ತಿರಲಿಲ್ಲ. ಸಿಹಿ ತಿನ್ನಲ್ಲ ಅಂತ ಆಣೆ ಇಡ್ತಾನೆ ಕಣಯ್ಯ, ನೀನು ಮೂತ್ರದ ಸ್ಯಾಂಪಲ್ ತಗೊಂಡು ಕಾಯಿಸು, ಎನ್ನುತ್ತಿದ್ದರು. ಕಂಪೌಂಡರ್ ಸ್ಪಿರಿಟ್ ದೀಪದ ಮೇಲೆ ಗಾಜಿನ ನಳಿಕೆ ಹಿಡಿದು ಕಾಯುತ್ತಿದ್ದ. ಸಕ್ಕರೆಯಿದ್ದರೆ ನೀಲಿ ನೀರು ಹಸಿರಾಗಿ, ಹಳದಿಯಾಗಿ, ಇಟ್ಟಿಗೆ ಬಣ್ಣಕ್ಕೆ ತಿರುಗುವುದನ್ನು ನೋಡುವಾಗ ಅವನಿಗೆ ಎಂಥದೋ ಖುಷಿ. ದೊಡ್ಡ ದೊಡ್ಡ ಮನುಷ್ಯರು, ಅಂಗಡಿ ಮಾಲೀಕರು, ಹೆಡ್‌ಮಾಸ್ತರರು ಹೊರಗೆ ಬೆಂಚಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದಾಗ ಅವರ ಸುಳ್ಳು ಇಲ್ಲಿ ಅವನ ಬೆರಳ ತುದಿಯಲ್ಲಿ ಬಣ್ಣ ಬದಲಾಯಿಸುತ್ತಿತ್ತು. ಅದೇ ಶಾಪಿನ ಹಿಂಬಾಗಿಲಿನಿಂದ ಅವನು ಮೊದಲು ಕೆಮ್ಮಿನ ಔಷಧಿ ಮಾರಿದ. ಕೆಮ್ಮಿಲ್ಲದವರೇ ಹೆಚ್ಚು ಬರುತ್ತಿದ್ದರು. ಆಮೇಲೆ ಮಾತ್ರೆ, ಆಮೇಲೆ ಬಿಳಿ ಪುಡಿ, ಆಮೇಲೆ ಪುಡಿ ತುಂಬಿದ ಲಾರಿ, ಆಮೇಲೆ ಹಡಗು. ಎಷ್ಟು ಬೆಳೆದರೂ ಪೊಟ್ಟಣ ಮಾತ್ರ ಶಾಪಿನದೇ. ಕೊನೆಯ ಮೂಲೆಯನ್ನು ಒಳಕ್ಕೆ ಸಿಕ್ಕಿಸುವ ಅವನ ಮಡಿಕೆ, ಎತ್ತಿ ಎಸೆದರೂ ಬಿಚ್ಚುತ್ತಿರಲಿಲ್ಲ. ಗಲ್ಲಿಗಲ್ಲಿಯಲ್ಲಿ ಹುಡುಗರು ಪೊಟ್ಟಣದ ಮೂಲೆ ನೋಡಿಯೇ 'ಕಂಪೌಂಡರನ ಮಾಲು' ಎನ್ನುತ್ತಿದ್ದರು. ಮೊದಮೊದಲು ಅದನ್ನು ಕೇಳಿದಾಗ ಅವನಿಗೆ ಹೆಮ್ಮೆಯಿಂದ ನಿದ್ದೆ ಬಂದಿರಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಬೀದಿ ಖಾಲಿಯಾಯಿತು. ಲಾಡ್ಜಿನ ಮುಂದೆ ಒಬ್ಬ ಕೊಡೆ ರಿಪೇರಿಯವನು ತಲೆ ಬಗ್ಗಿಸಿ ಕೂತಿದ್ದ. ಅವನು ಪೊಲೀಸಿನವನಿರಬಹುದೇ ಎಂದು ಕಂಪೌಂಡರ್ ಬಹಳ ಹೊತ್ತು ನೋಡಿದ. ಕೊಡೆಯ ಕಡ್ಡಿ ಜೋಡಿಸುವ ಕೈ ಸಲೀಸಾಗಿತ್ತು, ಪೊಲೀಸಿನವನಲ್ಲ. ಟಾಕೀಸಿನ ಗೋಡೆಯ ಮೇಲೆ ತನ್ನದೇ ಮುಖ. ಹಿಡಿದುಕೊಟ್ಟವರಿಗೆ ಬಹುಮಾನ ಎಂಬ ಪೋಸ್ಟರು. ಹಳೆಯ ಫೋಟೋ, ತಲೆತುಂಬ ಕೂದಲಿದ್ದ ಕಾಲದ್ದು. ಅದರ ಅರ್ಧದ ಮೇಲೆ ಯಾರೋ ಟ್ಯೂಷನ್ ಜಾಹೀರಾತು ಅಂಟಿಸಿದ್ದರು, ಅವನ ಬಾಯಿ ಇರಬೇಕಾದ ಕಡೆ 'ಗಣಿತ ಕಲಿಸಲಾಗುವುದು' ಎಂದಿತ್ತು. ಮಂತ್ರಿಯೊಬ್ಬ ಇವನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಅಂಗಿ ಸರಿಮಾಡಿಕೊಳ್ಳುತ್ತಿದ್ದ ದಿನಗಳಿದ್ದವು. ಆಸ್ಪತ್ರೆಯ ವಾರ್ಡು ಕಟ್ಟಿಸಿಕೊಟ್ಟಾಗ ಮೈಕಿನ ಮುಂದೆ ಆ ಮಂತ್ರಿ, ಇಂಥ ಹೃದಯವಂತರು ಎಂದು ಗದ್ಗದಿತನಾಗಿದ್ದ. ಗೋಡೌನಿಗೆ ಪೊಲೀಸರು ಬಿದ್ದ ದಿನ ಫೋನ್ ಮಾಡಿದರೆ, ಯಾವ ಕಂಪೌಂಡರು, ಯಾವ ಆಸ್ಪತ್ರೆ, ಎಂದು ಅವನ ಸಹಾಯಕ ಕೇಳಿದ. ಬೈದಿದ್ದರೂ ಪರವಾಗಿಲ್ಲ, ಆ ಪ್ರಶ್ನೆ ಮಾತ್ರ ಇನ್ನೂ ಚುಚ್ಚುತ್ತಿತ್ತು.

ಆಗ ಐಸ್ ಫ್ಯಾಕ್ಟರಿಯ ಕಡೆ ಯಾರೋ ಸುಳಿದಂತಾಯಿತು. ಕಂಪೌಂಡರ್ ಪರದೆಯ ಸಂದಿಗೆ ಕಣ್ಣು ಒತ್ತಿದ. ಪೊಲೀಸಲ್ಲ, ಡ್ರೈವರ್. ಅದೇ ಬಾಗಿದ ಬೆನ್ನು, ಅದೇ ಮಾಸಿದ ಟೋಪಿ, ಕೈಯಲ್ಲಿ ಊಟದ ಕ್ಯಾರಿಯರ್. ತುಕ್ಕು ಹಿಡಿದ ತಗಡಿನ ಗೇಟನ್ನು ಮೆಲ್ಲಗೆ ಬಡಿದ. ಕಾದ. ಆ ಕಡೆ ಈ ಕಡೆ ನೋಡಿ ಗೇಟಿನ ಸಂದಿಗೆ ಬಾಯಿಟ್ಟು ಏನೋ ಹೇಳಿದ. ಮತ್ತೆ ಕಾದ. ಕೊನೆಗೆ ಕ್ಯಾರಿಯರನ್ನು ಗೇಟಿನ ಅಡಿಯಿಂದ ಒಳಕ್ಕೆ ತಳ್ಳಿ, ಟೋಪಿ ತೆಗೆದು ಬೆವರು ಒರಸಿಕೊಂಡು, ಬಂದ ದಾರಿ ಹಿಡಿದ. ಮುಠ್ಠಾಳ! ಊಟ ತಾ ಅಂತ ಯಾರು ಹೇಳಿದ್ದರು ಇವನಿಗೆ? ಹಿಂದೆಯೇ ಯಾರಾದರೂ ಬಂದಿದ್ದರೆ? ಕಂಪೌಂಡರನಿಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಹೊಟ್ಟೆ ಚುರುಗುಟ್ಟಿತು. ನಿನ್ನೆ ಐಸ್ ಫ್ಯಾಕ್ಟರಿ ಎಂದಾಗ ಡ್ರೈವರ್ ಕೇಳಿದ್ದು ಒಂದೇ: "ಅಲ್ಲಿ ಊಟಕ್ಕೇನು ಮಾಡ್ತೀರಣ್ಣಾ?" ನೀನ್ಯಾಕೆ ತಲೆ ಕೆಡಿಸಿಕೊಳ್ತೀಯ ಎಂದು ಗದರಿದ್ದ. ಎಷ್ಟು ವರ್ಷ ಗಾಡಿ ಓಡಿಸಿದ, ಒಂದು ದಿನ ಹಿಂದಿನ ಸೀಟಿನ ಮಾತಿಗೆ ತಲೆ ತಿರುಗಿಸಿದವನಲ್ಲ. ಮೊಮ್ಮಗು ಹುಟ್ಟಿದಾಗ ರಜೆ ಕೇಳಲೂ ನಾಚಿಕೊಂಡಿದ್ದ. ಇಲ್ಲ, ಇವನಲ್ಲ, ಇವನ ಬಣ್ಣ ತಿರುಗುವುದಿಲ್ಲ ಎಂದು ಕಂಪೌಂಡರ್ ತಾನೇ ತಾನಾಗಿ ತೀರ್ಮಾನಿಸಿದ. ಆ ತೀರ್ಮಾನದಿಂದ ಅವನಿಗೆ ಯಾಕೋ ಸಮಾಧಾನವಾಗಲಿಲ್ಲ. ಡ್ರೈವರ್ ಅಲ್ಲವಾದರೆ ಉಳಿದವರು ಇಬ್ಬರೇ.

ಹಲ್ಲುಬ್ಬನ ನೆನಪು ಬಂದದ್ದು ಆಗಲೇ. ಬಾರದಿರಲಿ ಎಂದು ಬೆಳಗಿನಿಂದ ಎಷ್ಟು ಹೆಸರು ನೆನೆಸಿಕೊಂಡರೂ, ಆ ಒಂದು ಹೆಸರಿನ ಸುತ್ತಲೇ ಓಡಾಡಿದಂತಾಗಿತ್ತು. ಸ್ಕೂಲಿನಿಂದ ಜೊತೆಗಿದ್ದವನು. ಮುಂದಿನ ಹಲ್ಲು ಉಬ್ಬಿ ಬಾಯಿ ಮುಚ್ಚುತ್ತಲೇ ಇರಲಿಲ್ಲ, ಅತ್ತರೂ ನಕ್ಕಂತೆ ಕಾಣುತ್ತಿತ್ತು. ಸಾಲದ್ದಕ್ಕೆ ಹೆದರಿಕೆಯಾದಾಗ ನಿಜವಾಗಿಯೂ ನಗುವ ಚಾಳಿ. ಮೇಷ್ಟ್ರು ಬೆತ್ತ ಎತ್ತಿದರೆ ಕಿಸಕ್ಕೆನ್ನುತ್ತಿದ್ದ, ಇನ್ನೂ ನಾಲ್ಕು ಬೀಳುತ್ತಿತ್ತು. ಪೊಟ್ಟಣ ಕಟ್ಟುವುದನ್ನು ಕಂಪೌಂಡರ್ ಕಲಿಸಿದ ಮೊದಲ ಮನುಷ್ಯ ಅವನು. ಒಂದು ವರ್ಷ ಮಾಲು ಹೋದಲ್ಲೆಲ್ಲ ಪೊಲೀಸರು ಮುಂಚೆಯೇ ಕಾದು ಕೂತಿರುತ್ತಿದ್ದರು. ಒಳಗಿನವರೇ ಯಾರೋ ಎಂದು ಗೊತ್ತಾಯಿತು. ಕಂಪೌಂಡರ್ ಹಲ್ಲುಬ್ಬನೊಬ್ಬನಿಗೇ, ನಾಳೆ ಉಪ್ಪಿನ ಗೋಡೌನಿಗೆ ದೊಡ್ಡದು ಬರುತ್ತೆ, ಯಾರಿಗೂ ಹೇಳಬೇಡ, ಎಂದ. ಬರುವುದೇನೂ ಇರಲಿಲ್ಲ. ಮಾರನೆಯ ದಿನ ಉಪ್ಪಿನ ಗೋಡೌನಿನ ಬೀಗ ಒಡೆದು ಪೊಲೀಸರು ಉಪ್ಪಿನ ಮೂಟೆ ಬಗೆದರು. ಸಂಜೆ ಹಲ್ಲುಬ್ಬನನ್ನು ಕರೆಸಿ, ಯಾಕೋ ಹೀಗೆ ಮಾಡಿದೆ, ಎಂದು ಕೇಳಿದಾಗ ಅವನು ತಮ್ಮನ ಕೈಯಲ್ಲಿದ್ದ ಮಚ್ಚನ್ನು ನೋಡಿ ನಕ್ಕುಬಿಟ್ಟ. ಆ ನಗು ಕಂಪೌಂಡರನಿಗೆ ಗೊತ್ತಿರಲಿಲ್ಲವೇ? ಮೂರನೆಯ ಕ್ಲಾಸಿನಿಂದ ಗೊತ್ತಿತ್ತು. ಆದರೂ ಮುಖಕ್ಕೆ ಉಗಿದಂತಾಗಿ, ಕರಕೊಂಡು ಹೋಗು, ಎಂದು ತಮ್ಮನಿಗೆ ಹೇಳಿ ಒಳಕ್ಕೆ ನಡೆದಿದ್ದ. ಅಲ್ಲಿಂದ ಮುಂದೆ ಬಹಳ ಕಾಲ ಒಂದು ಪೊಟ್ಟಣವೂ ಸಿಕ್ಕಿಬೀಳಲಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ರಾತ್ರಿ ಎಚ್ಚರವಾದಾಗಲೆಲ್ಲ ಕಂಪೌಂಡರ್ ಆ ಸಾಕ್ಷಿಯನ್ನೇ ತಬ್ಬಿಕೊಂಡು ಮತ್ತೆ ನಿದ್ದೆ ಹೋಗುತ್ತಿದ್ದ.

ಹೆಂಡತಿ ಮಾತ್ರ ಹಲ್ಲುಬ್ಬ ಸತ್ತ ವಾರವಿಡೀ ಹಾಸಿಗೆ ಹಿಡಿದಿದ್ದಳು. ಅವಳನ್ನು ತಂಗ್ಯಮ್ಮ ಎಂದು ಕರೆಯುತ್ತಿದ್ದವನಲ್ಲವೇ, ಸಹಜ ಎಂದುಕೊಂಡಿದ್ದ. ಅದಕ್ಕೂ ಒಂದು ವರ್ಷ ಹಿಂದೆ ಅವಳ ಒಡಹುಟ್ಟಿದ ತಮ್ಮ ಬಸ್ ಸ್ಟ್ಯಾಂಡಿನ ಕಕ್ಕಸಿನಲ್ಲಿ ಸತ್ತುಬಿದ್ದಿದ್ದ, ಇನ್ನೂ ಮೀಸೆ ಸರಿಯಾಗಿ ಮೂಡದ ವಯಸ್ಸು. ಶವಾಗಾರದಲ್ಲಿ ಅವನ ಮುಷ್ಟಿ ಬಿಡಿಸಿದಾಗ ಸಿಕ್ಕ ಕಾಗದವನ್ನು ಅವಳು ಬೆರಳ ತುದಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಮೂಲೆ ಒಳಕ್ಕೆ ಸಿಕ್ಕಿಸಿದ ಮಡಿಕೆ. ಅಮ್ಮನ ಔಷಧಿಗೆಂದು ಶಾಪಿಗೆ ಬರುತ್ತಿದ್ದ ಹುಡುಗಿಗೆ ಅದೇ ಮಡಿಕೆ ಮಡಿಸಿ ಕೊಟ್ಟು ಅವಳನ್ನು ಒಲಿಸಿಕೊಂಡವನು ತಾನೇ. "ಬೇರೆಯವರು ನಮ್ಮದನ್ನ ನಕಲು ಮಾಡ್ತಾರೆ, ಇದು ನಮ್ಮ ಮಾಲಲ್ಲ," ಎಂದಿದ್ದ. ಅವಳು ಹೂಂ ಎಂದಿದ್ದಳು. ಅಷ್ಟೇ. ಅಳುವಾಗ ಇವನ ಭುಜಕ್ಕೇ ಒರಗಿದ್ದಳು, ಮಾರನೆಯ ದಿನ ಇವನಿಗೇ ಮೊದಲು ಬಡಿಸಿದಳು. ಆ ಹೂಂ ಅನ್ನುವುದು ನಂಬಿದ ಹೂಂ ಎಂದೇ ಅವನು ತಿಳಿದಿದ್ದ. ಅವಳಿಗೆ ಅವನು ಏನು ಕಡಿಮೆ ಮಾಡಿದ್ದ? ಆಸ್ಪತ್ರೆಯ ಆ ವಾರ್ಡಿಗೆ ಅವಳ ತಮ್ಮನದೇ ಹೆಸರು ಕೆತ್ತಿಸಿ, ಅವಳಿಂದಲೇ ಉದ್ಘಾಟನೆ ಮಾಡಿಸಿರಲಿಲ್ಲವೇ?

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಲಾಡ್ಜಿನ ಮುಂದೆ ಎರಡು ಜೀಪು ನಿಂತವು. ಕೊಡೆ ರಿಪೇರಿಯವನು ಸಾಮಾನು ಬಾಚಿಕೊಂಡು ಓಡಿದ. ಪೊಲೀಸರು ಒಳಗೆ ನುಗ್ಗಿದರು. ಎರಡನೆಯ ಮಹಡಿಯ ಕೊನೆಯ ಕೋಣೆಯ ಕಿಟಕಿ, ಹೆಂಡತಿಗೆ ಅವನು ಹೇಳಿದ್ದ ಅದೇ ಕೋಣೆ, ಪಟಾರನೆ ತೆರೆದು ಒಬ್ಬ ಪೇದೆ ಹೊರಕ್ಕೆ ತಲೆಹಾಕಿ ಇಲ್ಲವೆಂದು ಕೈಯಾಡಿಸಿದ. ಕಂಪೌಂಡರ್ ನೋಡುತ್ತಲೇ ಇದ್ದ. ಬಿಕ್ಕಳಿಕೆ ಯಾವಾಗಲೋ ನಿಂತಿತ್ತು, ಅವನಿಗೆ ಅದು ಗೊತ್ತೇ ಆಗಲಿಲ್ಲ. ಛೇ, ಅವಳೇ! ಬೇರೆ ಯಾರಾದರೂ ಆಗಿದ್ದರೆ ಸಿಟ್ಟು ಬರುತ್ತಿತ್ತು, ಈಗ ನಾಚಿಕೆಯಾಯಿತು. ಜ್ವರ ಬಂದಾಗ ಹಣೆ ಒತ್ತಿದ ಕೈ, ತಾನು ಬಾಯಿ ಕಳೆದು ಗೊರಕೆ ಹೊಡೆಯುವುದನ್ನು ನೋಡಿದ ಕಣ್ಣು, ಇವೆಲ್ಲ ಪೊಲೀಸರ ಕಡೆಯವು. ತಾನು ಬರಿಮೈಯಲ್ಲಿ ಬೀದಿಯಲ್ಲಿ ನಿಂತಂತಾಯಿತು. ಮಂತ್ರಿ ಕೈಬಿಟ್ಟಾಗ ಹೀಗಾಗಿರಲಿಲ್ಲ, ಕೈಕೆಳಗಿನವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದಾಗಲೂ ಹೀಗಾಗಿರಲಿಲ್ಲ. ದ್ರೋಹಿ, ಎಂದು ಗಟ್ಟಿಯಾಗಿ ಅಂದ. ಕೆಳಗೆ ಮೆಷಿನ್ನೊಂದು ನಿಂತು ಮತ್ತೆ ಓಡಿತು.

ಆಮೇಲೆ ನಿಧಾನಕ್ಕೆ ಇನ್ನೊಂದು ವಿಷಯ ಅವನಿಗೆ ನೆನಪಾಗತೊಡಗಿತು. ಉಪ್ಪಿನ ಗೋಡೌನಿನ ಹಿಂದಿನ ರಾತ್ರಿ. ದೀಪ ಆರಿಸಿದ ಮೇಲೆ ಅವನಿಗೆ ನಿದ್ದೆ ಬಂದಿರಲಿಲ್ಲ. ತನ್ನ ಜಾಣತನ ತನಗೇ ಮುದ್ದು ಬಂದು, ಯಾರಿಗಾದರೂ ಹೇಳಿಕೊಳ್ಳದೆ ಇರಲಾಗದೆ, ಪಕ್ಕದಲ್ಲಿ ಮಲಗಿದ್ದವಳ ಕಡೆ ಹೊರಳಿದ್ದ. "ನೋಡ್ತಾ ಇರು, ಉಪ್ಪಿನ ಗೋಡೌನು ಅಂತ ಅವನೊಬ್ಬನಿಗೇ ಹೇಳಿದ್ದೀನಿ. ನಾಳೆ ಪೊಲೀಸರು ಅಲ್ಲಿಗೆ ಬಂದರೆ ಹಲ್ಲುಬ್ಬನೇ. ಇದಕ್ಕೆ ಸ್ಯಾಂಪಲ್ ಕೊಡೋದು ಅಂತಾರೆ." ಅವಳು ಕತ್ತಲಲ್ಲಿ ಹೂಂ ಎಂದಿದ್ದಳು. ಕಂಪೌಂಡರ್ ಕುರ್ಚಿಯ ಕೈ ಹಿಡಿದುಕೊಂಡ. ಅವನೊಬ್ಬನಿಗೇ ಹೇಳಿದ್ದೀನಿ ಎನ್ನುತ್ತ ಇನ್ನೊಬ್ಬಳಿಗೆ ಹೇಳಿದ್ದ. ಇಷ್ಟು ವರ್ಷ ಅದು ತನಗೆ ಹೊಳೆದಿರಲಿಲ್ಲ, ಯಾಕೆಂದರೆ ಹೆಂಡತಿಗೆ ಹೇಳಿದ್ದು ಹೇಳಿದ ಲೆಕ್ಕವೇ ಅಲ್ಲ ಅವನಿಗೆ. ಅದು ತನಗೆ ತಾನೇ ಮಾತಾಡಿಕೊಂಡ ಹಾಗೆ. ಹಾಗಾದರೆ ಹಲ್ಲುಬ್ಬ? ಅವನು ಎದ್ದು ನಿಂತ, ಮತ್ತೆ ಕೂತ. ಇಲ್ಲ, ಹಲ್ಲುಬ್ಬನೂ ಹೇಳಿರಬಹುದು, ಇಬ್ಬರೂ ಹೇಳಿರಬಹುದು. ಯಾಕಾಗಬಾರದು? ಹೀಗೆ ತನ್ನೊಂದಿಗೆ ತಾನೇ ವಕೀಲಿ ಮಾಡುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು.

"ನಾನೇ. ಒಬ್ಬಳೇ ಬಂದಿದ್ದೀನಿ, ತೆಗೀರಿ."

ಅವನು ದಿಂಬಿನ ಕೆಳಗಿದ್ದ ಪಿಸ್ತೂಲು ತೆಗೆದುಕೊಂಡು ಬಾಗಿಲು ತೆರೆದ. ಹೆಂಡತಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಅವನನ್ನು ದಾಟಿ ಒಳಗೆ ಬಂದು ಮಂಚದ ಮೇಲೆ ಕೂತು ಸೆರಗಿನಿಂದ ಕುತ್ತಿಗೆ ಒರಸಿಕೊಂಡಳು.

"ಒಂದು ಲೋಟ ನೀರು ಕೊಡಿ."

ಅವನು ಒಂದು ಕೈಯಲ್ಲಿ ಪಿಸ್ತೂಲು ಹಿಡಿದು ಇನ್ನೊಂದರಲ್ಲಿ ಹೂಜಿ ಬಗ್ಗಿಸಿದ.

"ಅದನ್ನ ಕೆಳಗಿಡಿ, ನೀರು ಚೆಲ್ಲುತ್ತೆ."

ಅವನು ಅದನ್ನು ಮಂಚದ ಮೇಲಿಟ್ಟ. ಇಟ್ಟ ಮೇಲೆ, ತಾನು ಯಾಕೆ ಇಟ್ಟೆ ಎಂದು ಯೋಚಿಸಿದ.

"ಈ ಮನೆ ಯಾರು ಹೇಳಿದರು ನಿನಗೆ?"

"ಯಾರು ಹೇಳಬೇಕು? ಹಿಂದಿನಿಂದ ಲಾಡ್ಜಿನೊಳಗೆ ಬಂದು ಕಿಟಕಿಯಲ್ಲಿ ನಿಂತು ಸುತ್ತ ನೋಡಿದೆ. ಈ ಸೆಕೇಲಿ ಪರದೆ ಎಳಕೊಂಡು ಕೂರೋರು ಇನ್ಯಾರಿದ್ದಾರೆ? ನೀವು ನೋಡದೆ ಇರೋರಲ್ಲ ಅಂತ ಗೊತ್ತಿತ್ತು."

"ಅವರನ್ನ ಕರೆಸಿದ್ದು ನೀನೇ."

"ಹೂಂ."

"ಸ್ಯಾಂಪಲ್ ಅಂತ ಗೊತ್ತಾಗಲಿಲ್ವೇನೇ ನಿನಗೆ?"

"ಗೊತ್ತಾಗದೆ ಏನು? ಹೇಳಿಕೊಟ್ಟವರೇ ನೀವು." ಅವಳು ಲೋಟ ಕೆಳಗಿಟ್ಟಳು. "ಗೊತ್ತಾಗಿಯೇ ಹೇಳಿದೆ. ನಾನೇ ಅಂತ ನಿಮ್ಮ ಕಣ್ಣಿಗೆ ಬೀಳಬೇಕಿತ್ತು. ಬಾಯಲ್ಲಿ ಹೇಳಿದ್ದರೆ ನಂಬ್ತಿದ್ರಾ?"

ಕಂಪೌಂಡರ್ ಕುಂಟು ಕುರ್ಚಿಯಲ್ಲಿ ಕೂತ. ಕೇಳಬಾರದೆಂದುಕೊಂಡಿದ್ದನ್ನೇ ಕೇಳಿದ. "ಉಪ್ಪಿನ ಗೋಡೌನು?"

"ಅದೂ ನಾನೇ. ಹಲ್ಲುಬ್ಬಣ್ಣ ಏನೂ ಹೇಳಿರಲಿಲ್ಲ."

"ಅವನ ತಲೆಗೆ ಕಟ್ಟಿದೆಯಲ್ಲೇ!"

"ಕಟ್ಟಿದೆ. ನನ್ನ ಮೇಲೆ ನಿಮ್ಮ ಕಣ್ಣು ಬೀಳುತ್ತೆ ಅಂತ ಹೆದರಿದ್ದೆ. ಅವನಾದರೆ ಏನು, ಸ್ನೇಹಿತ, ನಾಲ್ಕು ಬೈದು ಮನೆಗೆ ಕಳಿಸ್ತೀರಿ ಅಂದುಕೊಂಡೆ. ನೀವು ಅವನನ್ನ ಕೊಲ್ಲಿಸ್ತೀರಿ ಅಂತ ನನಗೆ ಹೊಳೀಲೇ ಇಲ್ಲ. ನಿಮ್ಮ ಬಗ್ಗೆ ಅಷ್ಟು ಒಳ್ಳೇದು ಇನ್ನೂ ಉಳಿಸಿಕೊಂಡಿದ್ದೆ. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡೆ."

"ಮತ್ತೆ ಯಾಕೆ ಶುರು ಮಾಡಿದೆ?"

"ವಾರ್ಡಿಗೆ ನನ್ನ ತಮ್ಮನ ಹೆಸರು ಕೆತ್ತಿಸಿದಿರಲ್ಲ. ರಿಬ್ಬನ್ ಕತ್ತರಿಸು ಅಂತ ಕತ್ತರಿ ನನ್ನ ಕೈಗೇ ಕೊಟ್ಟಿರಿ. ಜನ ಚಪ್ಪಾಳೆ ತಟ್ಟಿದರು."

ಹೊರಗೆ ಜೀಪಿನ ಸುತ್ತ ಪೇದೆಗಳು ಚಹಾ ಕುಡಿಯುತ್ತ ನಿಂತಿದ್ದರು. ಆ ದಿನ ಅವಳು ಕತ್ತರಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದು, ಸಂತೋಷಕ್ಕೆ ಕೈ ನಡುಗ್ತಿದೆ ಎಂದು ತಾನು ಮಂತ್ರಿಯ ಕಿವಿಯಲ್ಲಿ ಹೇಳಿದ್ದು ನೆನಪಾಯಿತು. ಇವಳು ತನಗೆ ಮಾಡಿದ ದ್ರೋಹ ಎಷ್ಟು ದೊಡ್ಡದು ಎಂದು ಅಳೆಯಲು ಹೊರಟವನು ಎಲ್ಲಿಂದ ಅಳೆಯಲು ಶುರುಮಾಡಬೇಕೋ ತಿಳಿಯದೆ ಕೂತ.

"ಇಲ್ಲಿಗೆ ಯಾಕೆ ಬಂದೆ ಹಾಗಾದರೆ?"

"ಹಲ್ಲುಬ್ಬಣ್ಣನ ಹೆಂಡತಿಗೆ ಒಂದು ಫೋನ್ ಮಾಡಿ. ಅವಳ ಗಂಡ ದ್ರೋಹಿಯಲ್ಲ ಅಂತ ಹೇಳಿ. ಮಕ್ಕಳನ್ನ ಕಟ್ಟಿಕೊಂಡು, ತಲೆ ತಗ್ಗಿಸಿಕೊಂಡು ಇಷ್ಟು ವರ್ಷ ಬದುಕಿದ್ದಾಳೆ ಅವಳು. ನಾನು ಹೇಳಿದರೆ 'ಸಮಾಧಾನಕ್ಕೆ ಹೇಳ್ತೀಯ' ಅಂತಾಳೆ. ನೀವು ಹೇಳಬೇಕು. ಆಮೇಲೆ ದೋಣಿ ಹತ್ತುತ್ತೀರೋ, ನನ್ನ ಏನು ಮಾಡ್ತೀರೋ, ನಿಮ್ಮಿಷ್ಟ. ಈ ಮನೆ ನಾನು ಯಾರಿಗೂ ಹೇಳಿಲ್ಲ."

ಹೇಳಿಲ್ಲವೇ? ನಿಜವೇ? ಪರೀಕ್ಷಿಸಲು ಅವನ ಬಳಿ ಈಗ ಯಾವ ನಳಿಕೆಯೂ ಇರಲಿಲ್ಲ, ಅವಳ ಮುಖವಷ್ಟೇ ಇತ್ತು. ಅದನ್ನು ಅವನು ಎಷ್ಟೋ ವರ್ಷದಿಂದ ಸರಿಯಾಗಿ ನೋಡಿರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು. ಕಿವಿಯ ಹಿಂದೆ ಬಿಳಿಕೂದಲು. ನಂಬಿದ. ನಂಬಿದ ಕೂಡಲೇ ಅವನೊಳಗೆ ಏನೋ ಸಡಿಲವಾಗಿ, ಇವಳನ್ನು ಹೇಗಾದರೂ ಉಳಿಸಬೇಕು ಎನ್ನಿಸಿತು. ಎಲ್ಲ ಕಳೆದುಕೊಂಡ ಮೇಲೂ ತಾನು ಒಬ್ಬರ ಜೀವ ಉಳಿಸಬಲ್ಲೆ ಎಂಬ ಯೋಚನೆಯಿಂದ ಅವನ ಕಣ್ಣು ತುಂಬಿಬಂತು. ವೃತ್ತದಲ್ಲಿ ದೀಪ ಹತ್ತಿದವು. ಅವನು ಫೋನ್ ತೆಗೆದುಕೊಂಡ.

"ಅವಳಿಗಾ?" ಎಂದಳು ಹೆಂಡತಿ.

"ಮೊದಲು ತಮ್ಮನಿಗೆ. ಕಾಯ್ತಿರ್ತಾನೆ. ನಾನು ಹೇಳದಿದ್ದರೆ ಅವನೇ ಊಹೆ ಮಾಡ್ತಾನೆ, ಅದು ನಿನಗೇ ತೊಂದರೆ."

ತಮ್ಮ ಒಂದೇ ರಿಂಗಿಗೆ ಎತ್ತಿದ. ಅವನ ದನಿ ಕೋಣೆಗೆಲ್ಲ ಕೇಳುತ್ತಿತ್ತು. "ಅಣ್ಣಾ, ಲಾಡ್ಜಿಗೆ ಬಿದ್ದಿದ್ದಾರಂತಲ್ಲ! ಲಾಡ್ಜು ಅಂತ ಯಾರಿಗೆ ಹೇಳಿದ್ದೆ?"

ಕಂಪೌಂಡರ್ ಹೆಂಡತಿಯ ಕಡೆ ನೋಡಿದ. ಹೆದರಬೇಡ ಎನ್ನುವಂತೆ ಕೈಯೆತ್ತಿ ಸನ್ನೆ ಮಾಡಿದ.

"ಡ್ರೈವರ್‌ಗೆ."

"ಹಾಂ! ನನಗೆ ಮೊದಲಿಂದ ಅನುಮಾನ ಇತ್ತು ಆ ಮಳ್ಳನ ಮೇಲೆ. ಅತ್ತಿಗೆ ಇರಬಹುದೇನೋ ಅಂತ ಒಂದು ಕ್ಷಣ ಅನ್ನಿಸಿತ್ತು ನೋಡು, ತಪ್ಪು ತಿಳೀಬೇಡ. ಮನೇಲೇ ಇದ್ದಾನೆ ಅವನು. ಈಗಲೇ ಹೊರಟೆ."

ಫೋನ್ ಇಟ್ಟ ಕಂಪೌಂಡರನ ಮೈ ಹಗುರವಾಗಿತ್ತು. ಅವಳು ಎದ್ದು ಬಂದು ತನ್ನ ಕೈ ಹಿಡಿಯುತ್ತಾಳೆ, ಅಳುತ್ತಾಳೆ ಎಂದು ಕಾದ. ಅವಳು ಮಂಚದಲ್ಲೇ ಕೂತಿದ್ದಳು.

"ಮಧ್ಯಾಹ್ನ ಅವನು ಕ್ಯಾರಿಯರ್ ತಂದಿದ್ದನ್ನ ನಾನು ಲಾಡ್ಜಿನ ಕಿಟಕಿಯಿಂದ ನೋಡಿದೆ," ಎಂದಳು. "ನೀವು ನೋಡಿದಿರಾ?"

"ನೋಡಿದೆ."

"ನೋಡಿಯೂ ಅವನ ಹೆಸರು ಹೇಳಿದಿರಿ."

"ನಿನಗೋಸ್ಕರ ಕಣೇ! ನಿನ್ನ ಜೀವ ಉಳಿಸಿದೆ. ಅಷ್ಟೂ ಅರ್ಥ ಆಗಲ್ವಾ?"

"ಆಗುತ್ತೆ. ಮತ್ತೆ ಫೋನ್ ಮಾಡಿ. ಡ್ರೈವರ್ ಅಲ್ಲ, ನಿನ್ನ ಅತ್ತಿಗೆ ಅಂತ ಹೇಳಿ."

"ಹುಚ್ಚಿ. ಅವನು ನಿನ್ನ..."

"ಗೊತ್ತು. ಮಾಡಿ."

ಫೋನ್ ಅವನ ಕೈಯಲ್ಲೇ ಇತ್ತು. ಒಂದು ಗುಂಡಿ ಒತ್ತಿದರಾಯಿತು. ಅವನು ಒತ್ತಲಿಲ್ಲ. ಸ್ವಲ್ಪ ಹೊತ್ತು ಹೋದರೆ ತಣ್ಣಗಾಗುತ್ತಾಳೆ, ಹಲ್ಲುಬ್ಬನ ವಿಷಯಕ್ಕೂ ಹೀಗೇ ವಾರವಿಡೀ ಮಲಗಿ ಆಮೇಲೆ ಎದ್ದು ಅಡುಗೆಮನೆಗೆ ಹೋಗಿದ್ದಳಲ್ಲ, ಎಂದುಕೊಂಡ. ದೋಣಿಯಲ್ಲಿ ಇವಳನ್ನೇ ಕರೆದುಕೊಂಡು ಹೋಗಬೇಕು, ದೂರದ ಊರಲ್ಲಿ ಒಂದು ಔಷಧಿ ಅಂಗಡಿ ಹಾಕಬೇಕು ಎಂದೂ ಅಂದುಕೊಂಡ. ಅದನ್ನು ಹೇಳೋಣವೆಂದು ತಲೆಯೆತ್ತಿದಾಗ ಅವಳು ಕಿಟಕಿಯ ಹತ್ತಿರವಿದ್ದಳು. ಪರದೆಯನ್ನು ಒಂದೇ ಸಲಕ್ಕೆ ಸರಕ್ಕನೆ ಎಳೆದು, ಚಿಲಕ ಸರಿಸಿ, ಎರಡೂ ಬಾಗಿಲು ಹೊರಕ್ಕೆ ತಳ್ಳಿದಳು. ಬೀದಿಯ ಗಾಳಿ, ಹಾರ್ನುಗಳ ಸದ್ದು, ಚಹಾದ ವಾಸನೆ ಒಟ್ಟಿಗೆ ಒಳಗೆ ನುಗ್ಗಿದವು. ಪಿಸ್ತೂಲು ಮಂಚದ ಮೇಲೆ ಅವನ ಕೈಗೆಟಕುವಷ್ಟರಲ್ಲೇ ಇತ್ತು. ಅವನ ಕೈ ಏಳಲಿಲ್ಲ. ನನ್ನವಳು ಎಂದು ಅದು ಇನ್ನೂ ನಂಬಿಕೊಂಡಿತ್ತು.

"ರೀ, ಸಾಹೇಬ್ರೇ! ಇಲ್ಲಿ, ಮೇಲೆ ನೋಡಿ!" ಅವಳು ಅರ್ಧ ಮೈ ಹೊರಚಾಚಿ ಕೂಗಿದಳು. ಪೇದೆಗಳು ಲೋಟ ಹಿಡಿದೇ ತಲೆಯೆತ್ತಿದರು. "ನೀವು ಹುಡುಕ್ತಿರೋರು ಇಲ್ಲಿದ್ದಾರೆ. ಮೂರನೇ ಮಹಡಿ. ಬಾಗಿಲು ನಾನೇ ತೆಗೀತೀನಿ. ಅದಕ್ಕೂ ಮುಂಚೆ ಒಂದು ಜೀಪು ಇವರ ಡ್ರೈವರ್ ಮನೆಗೆ ಕಳಿಸಿ, ಬೇಗ, ಅವನನ್ನ ಕೊಲ್ಲೋಕೆ ಹೊರಟಿದ್ದಾರೆ!"

"ಯಾರಮ್ಮ ನಿಮಗೆ ಹೇಳಿದ್ದು?" ಕೆಳಗಿನಿಂದ ಒಬ್ಬ ಕೂಗಿದ.

"ನನ್ನ ಗಂಡ ಹೇಳಿದ್ದು. ಈಗಷ್ಟೇ, ನನ್ನ ಎದುರಿಗೆ."

"ಎಲ್ಲಿ ಅವನ ಮನೆ?"

ಹೊಲಿಗೆ ಕ್ಲಾಸಿನ ಮೆಷಿನ್ನುಗಳೆಲ್ಲ ನಿಂತಿದ್ದವು. ಅವಳು ಡ್ರೈವರನ ಮನೆಯ ಬೀದಿ, ತಿರುವು, ಬಾಗಿಲಿನ ಬಣ್ಣ ಎಲ್ಲವನ್ನೂ ಬಿಡಿಸಿ, ಒಂದೂ ತಪ್ಪಾಗದಂತೆ, ಎರಡು ಸಲ ಹೇಳಿದಳು.